ಮದ್ದಿನ ಆಯ್ಕೆಯೂ ಹಿಂಸಾದಾನವೇ

ಸುರಪುರದ ಬೇಡರ ಶೌರ್ಯ ಲೋಕವಿಖ್ಯಾತ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಪಡೆ ಆಂಗ್ಲರ ಎದುರು ಹಾರಿಸಿದ ಗುಂಡು ನಾಡಿನ ರಕ್ಷಣೆಗಾಗಿ. ಶ್ರಾವಕಾಚಾರದ ದೃಷ್ಟಿಯಲ್ಲಿ ಅದು ವಿರೋಧೀ ಹಿಂಸೆ. ಆ ಗೌರವವನ್ನು ಮೋಜಿನ ಬೇಟೆಗೆ ಹೊದಿಸುವುದು ಸಲ್ಲದು.

ಬೇಟೆಯ ಸಮರ್ಥಕರ ವಾದ ಹೀಗಿದೆ: ಹಗುರ ಗುಂಡಿಗೆ ಬೇಗ ಉರಿಯುವ, ಭಾರದ ಗುಂಡಿಗೆ ನಿಧಾನವಾಗಿ ಉರಿಯುವ ಮದ್ದನ್ನು ಆರಿಸಿ ತೋಟೆ ತುಂಬಿದರೆ ಏಟು ನೇರ, ಮೃಗಕ್ಕೆ ನೋವು ಅಲ್ಪ, ಇದೂ ದಯೆಯಲ್ಲವೇ? ಅಲ್ಲ. ನೋವು ಕುಗ್ಗಿದರೂ ಕೊಲ್ಲುವ ಸಂಕಲ್ಪ ಕುಗ್ಗಲಿಲ್ಲ. ದಯೆಯುಳ್ಳವನು ಮದ್ದನ್ನು ಆರಿಸುವುದಿಲ್ಲ, ಬೇಟೆಯನ್ನೇ ಬಿಡುತ್ತಾನೆ.

ಮದ್ದು ಮಾರುವವನು, "ನಾನು ಕೊಲ್ಲುವವನಲ್ಲ, ಇದು ನನ್ನ ಉದ್ಯೋಗ" ಎನ್ನಬಹುದು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕೊಲ್ಲುವ ಸಾಧನವನ್ನು ಒದಗಿಸುವ ಹಿಂಸಾದಾನವನ್ನು ಐದು ಅನರ್ಥದಂಡಗಳಲ್ಲಿ ಎಣಿಸಿದೆ. ಬೇಟೆಯಂತೂ ಸಪ್ತವ್ಯಸನಗಳಲ್ಲೊಂದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಬಂದ ತಿದ್ದುಪಡಿ ಮೋಜಿನ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಬೆಳೆ ಕಾಯುವ ರೈತನ ಸಂಕಟ ಬೇರೆ. ಅದರ ಪರಿಹಾರ ಅರಣ್ಯ ಇಲಾಖೆಯ ಮುಂದಿದೆ, ಬೇಟೆಗಾರನ ತೋಟೆಯಲ್ಲಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಶ್ರಾವಕ ವರ್ತಕರು ತಮ್ಮ ಅಂಗಡಿಯಿಂದ ಹೊರಡುವ ಸರಕು ಎಲ್ಲಿಗೆ ತಲುಪುತ್ತದೆಂದು ಒಮ್ಮೆ ವಿಚಾರಿಸಲಿ. ಲಾಭದ ಲೆಕ್ಕ ಬರೆಯುವ ಕೈಗೆ ಜೀವದ ಲೆಕ್ಕವೂ ತಿಳಿದಿರಬೇಕು.