ಇಸುಬು ಕಸಿಯುವ ನಿದ್ರೆ

1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ, ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡಿಗರಿಗೂ ಗಡಿಯೀಚೆಯ ಅಥಣಿ, ರಾಯಬಾಗ, ಚಿಕ್ಕೋಡಿಗಳ ಜನಕ್ಕೂ ದೊಡ್ಡ ಬೇನೆಯೆಂದರೆ ಮಿರಜದ ದಾರಿಯೇ ನೆನಪಾಗುವುದು. ಆದರೆ ಒಸರುತ್ತ, ಒಣಗುತ್ತ, ಬಿರಿಯುತ್ತ ವರ್ಷಾನುವರ್ಷ ಮರಳಿ ಬರುವ ಇಸುಬನ್ನು, ಅಂದರೆ ವೈದ್ಯರ ಎಕ್ಸಿಮಾವನ್ನು, ದೊಡ್ಡ ಬೇನೆಯೆಂದು ಎಣಿಸುವವರು ಯಾರು? ಪ್ರಾಣ ತೆಗೆಯದ ವ್ಯಾಧಿಯನ್ನು ಲಘುವಾಗಿ ಕಾಣುವುದು ನಮ್ಮ ಸಹಜವಾದ, ತುಸು ನಿರ್ದಯವೂ ಆದ ಅಭ್ಯಾಸ.

ಕಬ್ಬಿನ ರವದಿ ಸುಲಿಯುವ, ಸಿಮೆಂಟು ಕಲಸುವ, ಮುಸುರೆ ತಿಕ್ಕುವ ಕೈಗಳ ಬೆರಳಸಂದಿ ಬಿರಿದರೆ ರೊಟ್ಟಿಗೆ ಹಿಟ್ಟು ನಾದುವುದೂ ಉರಿಯ ಕೆಲಸವೇ. ಹಗಲಿನ ದುಡಿಮೆಯಲ್ಲಿ ಹೇಗೋ ಅಡಗಿದ್ದ ನವೆಯು ದೀಪವಾರಿದ ಮೇಲೆ ಎದ್ದು, ರೋಗಿಯ ನಿದ್ರೆಯನ್ನಷ್ಟೇ ಅಲ್ಲದೆ ಮಗ್ಗುಲಲ್ಲಿ ಮಲಗಿದವರ ನಿದ್ರೆಯನ್ನೂ ಕಸಿಯುತ್ತದೆ. ಇದು ಅಂಟುರೋಗವಲ್ಲ; ಆದರೂ ಕೆಲವರು ತಂಬಿಗೆಯನ್ನು ಬೇರೆ ಇಡುತ್ತಾರೆ, ಕನ್ಯೆ ನೋಡಲು ಬಂದವರು ಮಾತಿಲ್ಲದೆ ಎದ್ದು ಹೋಗುತ್ತಾರೆ.

ಈ ಸಂಕಟವನ್ನಳೆಯಲು ಉಪಾಯವಿಲ್ಲವೆಂದಲ್ಲ. ಕಾರ್ಡಿಫ್‌ನ ಚರ್ಮವೈದ್ಯರು 1994ರಲ್ಲಿ ಪ್ರಕಟಿಸಿದ 10 ಪ್ರಶ್ನೆಗಳ ಪಟ್ಟಿಯು ಕಳೆದ ವಾರದಲ್ಲಿ ನವೆ, ನಾಚಿಕೆ, ಉಡುಪು, ಉದ್ಯೋಗ, ದಾಂಪತ್ಯಗಳ ಬಾಧೆ ಎಷ್ಟೆಂಬುದನ್ನು 30 ಅಂಕಗಳೊಳಗೆ ಹೇಳುತ್ತದೆ; ನಿದ್ರೆಯನ್ನು ಮಾತ್ರ ಅದು ನೇರವಾಗಿ ವಿಚಾರಿಸುವುದಿಲ್ಲ, ಅದೊಂದು ಕೊರತೆಯೆಂದೇ ನನ್ನ ಎಣಿಕೆ. ಆ ಪ್ರಶ್ನೆಗಳನ್ನೂ, ಜೊತೆಗೆ ನಿದ್ರೆಯ ಮಾತನ್ನೂ, ಗಡಿನಾಡಿನ ರೋಗಿಯೊಡನೆ ಕನ್ನಡದಲ್ಲಿಯೇ ಆಡುವ ವ್ಯವಧಾನವು ಸಾಂಗಲಿ-ಮಿರಜಗಳ ವೈದ್ಯರಿಗೆ ಇರತಕ್ಕದ್ದು. ಇಲ್ಲವಾದರೆ ಆತನು ಔಷಧದಂಗಡಿಯಿಂದ ತಾನೇ ತಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಕೆಲವು ದಿನ ನವೆಯನ್ನಡಗಿಸಿ, ತಿಂಗಳುಗಟ್ಟಲೆ ಹಚ್ಚಿದಾಗ ತೊಗಲನ್ನೇ ತೆಳುವಾಗಿಸುತ್ತದೆ.