ಕಾರ್ಡನ್ನು ಮಗುಚಿ ನೋಡಿ

ಹಳೆಯ ಕಾಲದ ಯೋಧರ ಭಾವಚಿತ್ರವುಳ್ಳ ಅಂಚೆ ಕಾರ್ಡುಗಳನ್ನು ಕೂಡಿಹಾಕುವ ಹವ್ಯಾಸ ಈಚೆಗೆ ನಮ್ಮ ಚೇರಂಬಾಡಿಯ ಮಕ್ಕಳಲ್ಲಿಯೂ ಕಾಣಿಸಿಕೊಂಡಿದೆ. ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವ ಈ ನೀಲಗಿರಿಯಲ್ಲಿ ಸಮವಸ್ತ್ರದ ಚಿತ್ರ ಅಪರೂಪವೇನಲ್ಲ. ಹವ್ಯಾಸಕ್ಕೆ ನನ್ನ ವಿರೋಧವಿಲ್ಲ. ಅದು ನಡೆಯುತ್ತಿರುವ ರೀತಿಗೆ ವಿರೋಧವಿದೆ. ಆ ರೀತಿಯನ್ನು ಮೆಚ್ಚಿ ಬಹುಮಾನ ಕೊಡುತ್ತಿರುವ ಉಪಾಧ್ಯಾಯರಾದ ನಮ್ಮ ಮೇಲೆಯೇ ನನ್ನ ಮೊದಲ ಆಕ್ಷೇಪ.

ಕಳೆದ ವರ್ಷ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ನಾನೂ ತೀರ್ಪುಗಾರನಾಗಿದ್ದೆ. ಒಬ್ಬ ಹುಡುಗನ ಆಲ್ಬಮ್ಮಿನಲ್ಲಿ, ಬಣ್ಣದ ಪರದೆಯ ಮುಂದೆ ನೆಟ್ಟಗೆ ನಿಂತ ಸಿಪಾಯಿಯ ಚಿತ್ರವಿತ್ತು. “ಇವರು ಯಾರಪ್ಪ?” ಎಂದೆ. “ಗೊತ್ತಿಲ್ಲ ಸಾರ್. ಅಜ್ಜಿಯ ಪೆಟ್ಟಿಗೆಯಲ್ಲಿತ್ತು. ಹಿಂದುಗಡೆ ಏನೋ ಬರೆದಿತ್ತು” ಎಂದನು. ಕಾರ್ಡನ್ನು ಗೋಂದಿನಿಂದ ಬಲವಾಗಿ ಅಂಟಿಸಲಾಗಿತ್ತು. ಬಿಡಿಸಹೋದಾಗ ಬರಹವೆಲ್ಲ ಕಿತ್ತು ಆಲ್ಬಮ್ಮಿನ ಹಾಳೆಗೇ ಉಳಿಯಿತು. ಕೇಳೋಣವೆಂದರೆ ಅಜ್ಜಿ ತೀರಿಕೊಂಡಿದ್ದರು. ಅಚ್ಚುಕಟ್ಟಿಗಾಗಿ ಆ ಆಲ್ಬಮ್ಮಿಗೆ ಪ್ರಥಮ ಬಹುಮಾನವನ್ನು ನಾವು ಆಗಲೇ ಘೋಷಿಸಿದ್ದೆವು!

“ಕಾರ್ಡಿಗೆ ಬೆಲೆ ಬರುವುದು ಪಲ್ಟನ್ನಿನ ಬಿಲ್ಲೆಯಿಂದ, ಸಮವಸ್ತ್ರದಿಂದ; ಹಿಂಬದಿಯ ಗೀಚಿನಿಂದಲ್ಲ” ಎಂದು ಕೆಲವು ಸಂಗ್ರಾಹಕರು ವಾದಿಸುತ್ತಾರೆ. ಇದು ವ್ಯಾಪಾರಿಯ ಮಾತು. 1902ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯು ಕಾರ್ಡಿನ ಹಿಂಬದಿಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ವಿಳಾಸವನ್ನೂ ಇನ್ನೊಂದರಲ್ಲಿ ಒಕ್ಕಣೆಯನ್ನೂ ಬರೆಯಲು ಅನುಮತಿಯಿತ್ತ ಮೇಲೆಯೇ ಅಲ್ಲಿ ಮುಂಬದಿಯೆಲ್ಲ ಚಿತ್ರಕ್ಕೆ ಮೀಸಲಾಯಿತು. ಮುಖ ಒಂದು ಕಡೆ, ಮಾತು ಇನ್ನೊಂದು ಕಡೆ. ಎರಡೂ ಕೂಡಿಯೇ ಕಾರ್ಡು. ಮಾತನ್ನು ಕಿತ್ತೆಸೆದು ಮುಖವನ್ನು ಉಳಿಸಿಕೊಳ್ಳುವುದು ಸಂಗ್ರಹವೆನಿಸದು.

ಹೆಸರಳಿಸುವ ಈ ಕೆಲಸ ಹಿಂದೆಯೂ ನಡೆದಿದೆ. 1914ರ ಸೆಪ್ಟೆಂಬರಿನಲ್ಲಿ ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ, ಅಲ್ಲಿನವರು ನಮ್ಮ ಸಿಪಾಯಿಗಳ ಚಿತ್ರಗಳನ್ನು ಕಾರ್ಡುಗಳಾಗಿ ಅಚ್ಚುಹಾಕಿ ಮಾರಿದರು. ಸಿಖ್ಖನಾಗಲಿ ಮುಸಲ್ಮಾನನಾಗಲಿ ಗೂರ್ಖನಾಗಲಿ, ಎಷ್ಟೋ ಕಾರ್ಡುಗಳ ಕೆಳಗೆ ‘ಹಿಂದೂಗಳು’ ಎಂಬ ಒಂದೇ ಹಣೆಪಟ್ಟಿ. ಅದೇ ಮಹಾಯುದ್ಧದಲ್ಲಿ ಮಡಿದವರಿಗಾಗಿ 1929ರಲ್ಲಿ ಇರಾಕಿನ ಬಸ್ರಾದಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರುಗಳಿದ್ದವು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ನಿನ ಹೆಸರಿನ ಕೆಳಗೆ ಬರಿಯ ಸಂಖ್ಯೆ. ಇಂಥ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 2021ರಲ್ಲಿ ಕ್ಷಮೆ ಕೇಳಿತು. ಪರರು ಕ್ಷಮೆ ಕೇಳಿದ ತಪ್ಪನ್ನು ನಾವು ಗೋಂದಿನ ಸೀಸೆ ಹಿಡಿದು ನಮ್ಮ ಹಿರಿಯರಿಗೇ ಮಾಡಬಹುದೆ?

“ಪರದೇಶದ ದೊರೆಗಾಗಿ ಸಂಬಳಕ್ಕೆ ಕಾದಿದವರನ್ನು ನೆನೆಯುವುದೇಕೆ?” ಎನ್ನುವವರೂ ಇದ್ದಾರೆ. ಹೆಸರನ್ನು ಅರಿಯುವುದೆಂದರೆ ದೊರೆಯನ್ನು ಹೊಗಳುವುದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಏರಿಹೋದುದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಸವಾರರಲ್ಲಿ ಒಬ್ಬನ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಹೆಸರಿಲ್ಲದ ಅಭಿಮಾನ ಬರಿಯ ಸದ್ದು.

ಚೇರಂಬಾಡಿಯಲ್ಲಿ ಹೊರಗಿನಿಂದ ಬಂದು ಚಹಾ ತೋಟಗಳಲ್ಲಿ ನೆಲೆಸಿದ ಮನೆತನಗಳು ಅನೇಕ. ಅಂಥ ಎಷ್ಟೋ ಮನೆಗಳಲ್ಲಿ ಜಮೀನಿನ ಪತ್ರವಿಲ್ಲ, ಬರೆದಿಟ್ಟ ವಂಶಾವಳಿಯಿಲ್ಲ. ತಗಡಿನ ಪೆಟ್ಟಿಗೆಯ ತಳದಲ್ಲಿರುವ ಒಂದು ಕಾರ್ಡೇ ಆ ಮನೆಯ ಚರಿತ್ರೆ. ಅದನ್ನು ಓದಿ ಹೇಳಬಲ್ಲ ಮುದುಕರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ಉಪಾಧ್ಯಾಯ ಮಿತ್ರರೇ, ಅಂದಕ್ಕೆ ಅಂಕ ಕೊಡುವುದನ್ನು ಬಿಡೋಣ. ವಿಚಾರಿಸಿ ತಿಳಿದುದಕ್ಕೆ ಕೊಡೋಣ. ವಿದ್ಯಾರ್ಥಿಗಳೇ, ಗೋಂದನ್ನು ಮುಟ್ಟಬೇಡಿ. ಕಾರ್ಡಿನ ಮೂಲೆಗಳನ್ನು ಮಾತ್ರ ಹಾಳೆಯಲ್ಲಿ ಸಿಕ್ಕಿಸಿ. ಹಿಂಬದಿಯ ಬರಹ, ಅಂಚೆಯ ಮುದ್ರೆ, ಚಿತ್ರಶಾಲೆಯ ಹೆಸರು, ಇವನ್ನೆಲ್ಲ ಬೇರೊಂದು ಚೀಟಿಯಲ್ಲಿ ಬರೆದಿಡಿ. ತಿಳಿಯದ ಕಡೆ ಖಾಲಿ ಬಿಡಿ, ಕಲ್ಪಿಸಿ ತುಂಬಬೇಡಿ. ಈ ಸಂಜೆಯೇ ಮನೆಯ ಹಿರಿಯರ ಬಳಿ ಕುಳಿತು “ಇವರು ಯಾರು?” ಎಂದು ಕೇಳಿ. ನಾಳೆ ಉತ್ತರ ಹೇಳುವವರು ಇರಲಿಕ್ಕಿಲ್ಲ.