ಏಳಿಸುವುದೋ, ಏಳಲು ಕಲಿಸುವುದೋ?

ಭೌತವಿಜ್ಞಾನವೆಂದೊಡನೆ ವಾಚಕರ ಕಣ್ಣೆದುರಿಗೆ ಪ್ರಯೋಗಶಾಲೆಯ ಲೋಲಕ, ಮಸೂರ, ವಿದ್ಯುತ್ಕೋಶಗಳು ಬಂದು ನಿಲ್ಲುವುದು ಸಹಜ. ಇಳಿವಯಸ್ಸಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಅಜ್ಜಿಯೊಬ್ಬರು ಹೊರಸಿನಿಂದ ಏಳಲು ಹವಣಿಸುವುದೂ ಅದೇ ವಿಜ್ಞಾನಕ್ಕೆ ಸೇರಿದ ವಿಷಯವೆಂದರೆ ಹಲವರು ನಕ್ಕಾರು. ಸನ್ನೆಗೋಲಿನ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತ ಬಂದಿರುವ ನಾವೂ ಹಿಂದೊಮ್ಮೆ ಹಾಗೆಯೇ ನಗುತ್ತಿದ್ದೆವೋ ಏನೋ. ಗೋಕಾಕ-ಮೂಡಲಗಿ ಸೀಮೆಯ ಕೌಜಲಗಿಯಲ್ಲಿ, ನಮ್ಮ ಬಂಧುಗಳೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಕಂಡ ಒಂದು ಗಂಟೆಯ ಪಾಠವು ಆ ನಗೆಯನ್ನು ಅಡಗಿಸಿತು. ಫಿಸಿಯೋಥೆರಪಿಗೆ ಕನ್ನಡದಲ್ಲಿ ಭೌತಚಿಕಿತ್ಸೆಯೆಂಬ ಹೆಸರಿದೆಯಷ್ಟೆ. ಆ ‘ಭೌತ’ವೂ ನಮ್ಮ ‘ಭೌತ’ವೂ ಬೇರೆಯಲ್ಲವೆಂದು ಅಂದು ನಮಗೆ ಮನವರಿಕೆಯಾಯಿತು.

ಆ ಮನೆಯ ಆಯಿಯವರಿಗೆ ಎಂಬತ್ತರ ಸಮೀಪದ ವಯಸ್ಸು. ಹಿತ್ತಿಲಲ್ಲಿ ಜಾರಿ ಬಿದ್ದು ಬಲಗಡೆಯ ಸೊಂಟದ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ನಡೆದು, ಎಲುಬು ಕೂಡಿಕೊಂಡು, ನಡೆಯಬಹುದೆಂದು ವೈದ್ಯರು ಹೇಳಿದ್ದರೂ ಅವರು ಹೊರಸು ಬಿಟ್ಟು ಏಳಲಿಲ್ಲ. ಮಕ್ಕಳು, ಸೊಸೆಯಂದಿರು ಏಳಗೊಡಲಿಲ್ಲವೆನ್ನುವುದೇ ಹೆಚ್ಚು ಸರಿ. ನೀರು ಬೇಕೆಂದರೆ ನೀರು, ಊಟ ಬೇಕೆಂದರೆ ಊಟ, ಎಲ್ಲವೂ ಹೊರಸಿಗೇ ಬರುತ್ತಿತ್ತು. “ಜೀವಮಾನವಿಡೀ ಹೊಲದಾಗ ದುಡದಾರ್ರಿ, ಇನ್ನರ ಆರಾಮ ಇರಲಿ” ಎಂದು ಹಿರಿಯ ಮಗನು ನಮ್ಮೊಡನೆ ಹೇಳಿದಾಗ ಆ ಮಾತಿನಲ್ಲಿದ್ದುದು ಪ್ರೀತಿಯೇ ಹೊರತು ಬೇರೆಯಲ್ಲ. ಆದರೆ ಆ ಪ್ರೀತಿಯಿಂದಲೇ ಆಯಿಯವರ ಕಾಲುಗಳು ದಿನದಿನಕ್ಕೆ ಸೊರಗುತ್ತಿದ್ದವು.

ಭೌತಚಿಕಿತ್ಸಕಿಯೊಬ್ಬರು ಇಬ್ಬರು ತರಬೇತಿಯ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಅಲ್ಲಿಗೆ ಬಂದರು. ವಿದ್ಯಾರ್ಥಿನಿಯರಲ್ಲೊಬ್ಬಳು ಒಡನೆಯೇ ಮುಂದೆ ಹೋಗಿ ಆಯಿಯವರ ರಟ್ಟೆ ಹಿಡಿದು ಎಳೆದು ಎಬ್ಬಿಸಲು ಹೊರಟಳು. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಚಿಕಿತ್ಸಕಿ ಅವಳನ್ನು ತಡೆದು, ಗದರದೆ, “ಅವರ ಪಾದ ಎಲ್ಲೈತಿ, ನೋಡು” ಎಂದಷ್ಟೇ ಹೇಳಿದರು. ಪಾದಗಳು ಮುಂದಕ್ಕೆ ಚಾಚಿಕೊಂಡಿದ್ದವು. ಹೊರಸೂ ಬಹಳ ತಗ್ಗು. ಮೊದಲು ಹೊರಸಿನ ಕಾಲುಗಳ ಕೆಳಗೆ ಮರದ ತುಂಡುಗಳನ್ನಿರಿಸಿ ಅದನ್ನು ಎತ್ತರಿಸಿದರು. ಅನಂತರ ಆಯಿಯವರನ್ನು ಅಂಚಿಗೆ ಸರಿಸಿ ಕೂರಿಸಿ, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ತರಿಸಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವವರೆಗೆ ಮುಂದಕ್ಕೆ ಬಾಗಿಸಿದರು. “ಕೈ ಹಿಡಿ ತಂಗಿ, ಎಬ್ಬಸು” ಎಂದರು ಆಯಿ. “ನೀವ ಏಳ್ರಿ, ಆಯೀ. ನಾವು ಇಲ್ಲೇ ಅದೀವಿ” ಎಂದು ಉತ್ತರ ಬಂದಿತು. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಅವರು ಎದ್ದು ನಿಂತರು.

ಇದರಲ್ಲಿ ಪವಾಡವೇನೂ ಇಲ್ಲ. ವಸ್ತುವೊಂದು ಉರುಳದೆ ನಿಲ್ಲಬೇಕಾದರೆ ಅದರ ಗುರುತ್ವಕೇಂದ್ರವು ಆಧಾರದ ನೇರಕ್ಕಿರಬೇಕೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಕುಳಿತವನ ಗುರುತ್ವಕೇಂದ್ರವು ಪಾದಗಳಿಗಿಂತ ಹಿಂದೆ, ಆಸನದ ಮೇಲಿರುತ್ತದೆ. ಪಾದವನ್ನು ಹಿಂದಕ್ಕೆಳೆದು ಮೈಯನ್ನು ಮುಂದಕ್ಕೆ ಬಾಗಿಸಿದರೆ ಅವೆರಡೂ ಒಂದೇ ನೇರಕ್ಕೆ ಬರುತ್ತವೆ. ಉಳಿದುದು ಮೇಲಕ್ಕೇಳುವ ಕೆಲಸ ಮಾತ್ರ. ಹಾಗೆ ಮಾಡದೆ ರಟ್ಟೆ ಹಿಡಿದು ಎಳೆದರೆ ಮುದಿಜೀವವು ಹಿಂದಕ್ಕೇ ವಾಲುತ್ತದೆ. ಭಾರವೆಲ್ಲ ಎಳೆಯುವವನ ಬೆನ್ನಿನ ಮೇಲೂ ಎಳೆಸಿಕೊಳ್ಳುವವರ ಭುಜದ ಕೀಲಿನ ಮೇಲೂ ಬೀಳುತ್ತದೆ. ಆಸನವು ತಗ್ಗಾಗಿ ತೊಡೆಯು ಅಡ್ಡಲಾಗಿದ್ದಾಗ ಮೈಭಾರವು ಮೊಣಕಾಲಿನಿಂದ ಅತ್ಯಂತ ದೂರದಲ್ಲಿರುವುದರಿಂದ ತೊಡೆಯ ಸ್ನಾಯುವಿನ ಶ್ರಮವೂ ಹೆಚ್ಚು. ನಾಲ್ಕು ಮರದ ತುಂಡುಗಳು ಆ ಶ್ರಮವನ್ನು ಕಡಮೆ ಮಾಡಿದವು.

ಮುಂದೆ ಊರುಗೋಲಿನ ಪ್ರಶ್ನೆ ಬಂದಿತು. ನೋವು ಬಲಗಡೆಗಿರುವುದರಿಂದ ಕೋಲೂ ಬಲಗೈಯಲ್ಲಿರಬೇಕೆಂದು ಮನೆಯವರೆಲ್ಲರ ಮತ. ಚಿಕಿತ್ಸಕಿ ಅದನ್ನು ಎಡಗೈಗೆ ಕೊಟ್ಟರು. ಏಕೆ? ವಾಚಕರು ತುಸು ಲೆಕ್ಕ ಮಾಡುವ ತಾಳ್ಮೆ ವಹಿಸಬೇಕೆಂದು ಕೋರುತ್ತೇವೆ.

60 ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬರು ನಡೆಯುವಾಗ ಬಲಗಾಲ ಮೇಲೆ ನಿಂತಿರುವ ಕ್ಷಣವನ್ನು ಯೋಚಿಸೋಣ. ಆ ಕಾಲಿನ ತೂಕವನ್ನು ಬಿಟ್ಟರೆ ಸುಮಾರು 50 ಕಿಲೋಗ್ರಾಂ ಭಾರವು ಬಲಗಡೆಯ ಸೊಂಟದ ಕೀಲಿನ ಮೇಲೆ ತೂಗುತ್ತದೆ. ಕೀಲು ತಕ್ಕಡಿಯ ನಡುಗೂಟವೆನ್ನಿ. ಒಳಗಡೆಗೆ ಸುಮಾರು 10 ಸೆಂಟಿಮೀಟರು ದೂರದಲ್ಲಿ ಮೈಭಾರ. ಹೊರಗಡೆಗೆ ಕೇವಲ 5 ಸೆಂಟಿಮೀಟರು ದೂರದಲ್ಲಿ ಅದನ್ನು ತೂಗಿ ಹಿಡಿಯಬೇಕಾದ ಸ್ನಾಯು. ದೂರವು ಅರ್ಧವಾದುದರಿಂದ ಸ್ನಾಯುವು ಇಮ್ಮಡಿ ಬಲದಿಂದ, ಎಂದರೆ 100 ಕಿಲೋಗ್ರಾಂ ಭಾರದಷ್ಟು ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋಗ್ರಾಂ! ಈಗ ಎಡಗೈಯಲ್ಲಿ ಕೋಲು ಹಿಡಿದು ಬರಿಯ 5 ಕಿಲೋಗ್ರಾಂ ಭಾರದಷ್ಟು ನೆಲವನ್ನು ಒತ್ತಲಿ. ಆ ಕೋಲು ಬಲಗೀಲಿನಿಂದ ಸುಮಾರು 50 ಸೆಂಟಿಮೀಟರು ದೂರದಲ್ಲಿರುವುದರಿಂದ, ಸ್ನಾಯುವು ಹೊರಬೇಕಾದ ಕೆಲಸದಲ್ಲಿ ಅರ್ಧವನ್ನು ಅದೇ ಹೊರುತ್ತದೆ. ಸ್ನಾಯುವಿನ ಎಳೆತ 50ಕ್ಕೆ ಇಳಿದು, ಕೀಲಿನ ಮೇಲಣ ಒತ್ತಡ 95 ಕಿಲೋಗ್ರಾಮಿಗೆ ಬರುತ್ತದೆ. ಇದು ಸ್ಥೂಲ ಲೆಕ್ಕವೇ ಆದರೂ ತತ್ತ್ವವು ನಿಜ. ಕೋಲು ಬಲಗೈಯಲ್ಲಿದ್ದರೆ ಈ ಲಾಭ ದೊರೆಯದೆ, ಮೈಯನ್ನೇ ಕೋಲಿನ ಕಡೆಗೆ ಎಸೆದು ವಾಲುತ್ತ ನಡೆಯಬೇಕಾಗುತ್ತದೆ.

ಸ್ನಾಯುಗಳು ಕೀಲಿನ ತೀರ ಹತ್ತಿರ ಹಿಡಿದೆಳೆಯುವುದರಿಂದ ಹೊರುವ ಭಾರಕ್ಕಿಂತ ಎಷ್ಟೋ ಹೆಚ್ಚು ಬಲವನ್ನು ಪ್ರಯೋಗಿಸಬೇಕಾಗುತ್ತದೆಂಬುದನ್ನು ಮೊದಲು ವಿಸ್ತಾರವಾಗಿ ಲೆಕ್ಕ ಹಾಕಿ ತೋರಿಸಿದವನು ಇಟಲಿಯ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥವು ಅವನು ತೀರಿದ ಮೇಲೆ 1680-81ರಲ್ಲಿ ಪ್ರಕಟವಾಯಿತು. 1956ರಲ್ಲಿ ಅಮೇರಿಕದ ಎಲುಬುವೈದ್ಯ ವಾಲ್ಟರ್ ಬ್ಲೌಂಟ್ ಎಂಬವರು ಊರುಗೋಲನ್ನು ಎಸೆಯಬೇಡಿರೆಂದು ವೈದ್ಯರಿಗೇ ಬುದ್ಧಿ ಹೇಳುವ ಪ್ರಸಿದ್ಧ ಲೇಖನವನ್ನು ಬರೆದರು. ಕೋಲು ಹಿಡಿಯಲು ನಾಚುವವರಿಗೆ ಆ ಮಾತು ಇಂದಿಗೂ ಸಲ್ಲುತ್ತದೆ.

ಇನ್ನು ವಿಶ್ರಾಂತಿಯ ಮಾತು. ಬಳಸದ ಸ್ನಾಯು ಕರಗುತ್ತದೆಂಬುದು ಎಲ್ಲರಿಗೂ ಗೊತ್ತು. ಎಷ್ಟು ಬೇಗ ಕರಗುತ್ತದೆಂಬುದು ಹಲವರಿಗೆ ಗೊತ್ತಿಲ್ಲ. ಆರೋಗ್ಯವಂತರಾದ ಕೆಲವು ಹಿರಿಯರನ್ನು ಕೇವಲ ಹತ್ತು ದಿನ ಹಾಸಿಗೆಯಲ್ಲಿರಿಸಿ ನೋಡಿದ ಪ್ರಯೋಗವೊಂದು 2007ರಲ್ಲಿ ಅಮೇರಿಕದಲ್ಲಿ ಪ್ರಕಟವಾಯಿತು. ಅಷ್ಟರಲ್ಲಿಯೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಂ ಮಾಂಸಲಭಾಗವು ಇಳಿದುಹೋಗಿತ್ತು. ಇದಕ್ಕೆ ಪ್ರತಿಯಾಗಿ ಆಶೆ ಹುಟ್ಟಿಸುವ ಸಂಗತಿಯೂ ಇದೆ. 1990ರಲ್ಲಿ ಬೋಸ್ಟನ್ನಿನ ಸಂಶೋಧಕರು ಸರಾಸರಿ 90 ವರ್ಷ ವಯಸ್ಸಿನ, ವೃದ್ಧಾಶ್ರಯದಲ್ಲಿದ್ದ ಹತ್ತು ಮಂದಿಯಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಅದನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ 174 ಪ್ರತಿಶತ ಹೆಚ್ಚಿತು. ತೊಂಬತ್ತರಲ್ಲಿಯೂ ಸ್ನಾಯು ಕಲಿಯುತ್ತದೆ! ಹಿರಿಯರು ವಾರಕ್ಕೆ ಮೂರು ದಿನವಾದರೂ ಸಮತೋಲದ ಮತ್ತು ಬಲವರ್ಧನೆಯ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವುದು ಇಂಥ ಆಧಾರಗಳ ಮೇಲೆಯೇ. ವೈದ್ಯರನ್ನು ಕೇಳದೆ ಎದ್ದು ಓಡಾಡಿರೆಂದು ನಾವು ಹೇಳುತ್ತಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಬಲ್ಲವರು ನಿರ್ಣಯಿಸಬೇಕು. ಆ ಬಲ್ಲವರನ್ನು ಸಿದ್ಧಗೊಳಿಸುವ ಬಗೆ ಹೇಗೆಂಬುದೇ ನಮ್ಮ ಈ ಲೇಖನದ ಮುಖ್ಯ ಪ್ರಶ್ನೆ.

ಈ ವೃತ್ತಿ ನಮ್ಮಲ್ಲಿ ಹೊಸತೇನಲ್ಲ. 1894ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ವರು ದಾದಿಯರು ಸೇರಿ ಕಟ್ಟಿದ ಸಂಘದಿಂದ ಅಲ್ಲಿ ಅದು ಬೆಳೆಯಿತು. ನಮ್ಮ ದೇಶದಲ್ಲಿ, ಪೋಲಿಯೊ ರೋಗದ ಹಾವಳಿಯ ತರುವಾಯ, 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇದರ ಶಾಲೆ ತೆರೆಯಿತು. 1956ರವರೆಗೆ ಬೆಳಗಾವಿ ಜಿಲ್ಲೆಯೂ ಅದೇ ಮುಂಬಯಿ ರಾಜ್ಯದಲ್ಲಿತ್ತು. ಇಂದು ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಭೌತಚಿಕಿತ್ಸಾ ಮಹಾವಿದ್ಯಾಲಯವಿದೆ. 2021ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ಭೌತಚಿಕಿತ್ಸೆಯೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದನ್ನು ವಿಧಿಸಿತು. 2011ರ ಜನಗಣತಿಯಂತೆ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿಗಿಂತ ಹೆಚ್ಚು. ವಿದ್ಯೆಯಿದೆ, ಕಾಯಿದೆಯಿದೆ, ಅಗತ್ಯವೂ ಇದೆ. ಕೊರತೆಯಿರುವುದು ಕೈಯಿಂದ ಕೈಗೆ ದಾಟಬೇಕಾದ ತರಬೇತಿಯಲ್ಲಿ.

ಕೌಜಲಗಿಯ ಆ ಪಡಸಾಲೆಯಲ್ಲಿ ನಾವು ಕಂಡುದು ಎರಡು ಪಾಠಗಳನ್ನು. ಚಿಕಿತ್ಸಕಿ ಆಯಿಯವರ ನಡುವಿಗೆ ಅಗಲವಾದ ಪಟ್ಟಿಯೊಂದನ್ನು ಕಟ್ಟಿ ಮೊದಲು ಎರಡು ಕೈಗಳಿಂದ ಹಿಡಿದರು; ಆಮೇಲೆ ಒಂದು ಕೈ; ಆಮೇಲೆ ಎರಡು ಬೆರಳು; ಕೊನೆಗೆ ಹಿಡಿಯದೆ, ಹಿಡಿಯಲು ಸಿದ್ಧವಾದ ಕೈ. ವಿದ್ಯಾರ್ಥಿನಿಯರಿಗೂ ಅದೇ ಕ್ರಮ. ಮೊದಲು ತಾವೇ ಮಾಡಿ ತೋರಿಸಿದರು. ಅನಂತರ ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ಮಾಡಿಸಿದರು. ಬಳಿಕ ಬೆನ್ನ ಹಿಂದೆ ನಿಂತರು. ಕೊನೆಗೆ ಬಾಗಿಲ ಬಳಿಗೆ ಸರಿದರು. ಎರಡನೆಯ ವಿದ್ಯಾರ್ಥಿನಿ ಆತುರದಿಂದ ಬೇಗ ಕೈ ಬಿಟ್ಟಳು, ಆಯಿ ತೂರಾಡಿದರು. ಒಂದೇ ಹೆಜ್ಜೆಗೆ ಬಂದು ಪಟ್ಟಿ ಹಿಡಿದ ಚಿಕಿತ್ಸಕಿ, ಆಯಿಯವರನ್ನು ಕೂರಿಸಿದ ಮೇಲೆ ಕೇಳಿದುದು ಒಂದೇ ಪ್ರಶ್ನೆ: “ಆವಾಗ ಭಾರ ಯಾವ ಕಾಲ ಮ್ಯಾಲಿತ್ತು?” ಹುಡುಗಿ ಯೋಚಿಸಿ ತಾನೇ ತನ್ನ ತಪ್ಪನ್ನು ಕಂಡುಕೊಂಡಳು. ಕೈ ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಕೈ ತೆಗೆಯುವುದನ್ನು ಕಲಿಯಲು ವರ್ಷಗಳು ಬೇಕೆಂದು ಅವರು ಹೊರಡುವಾಗ ನಮಗೆ ಹೇಳಿದರು.

ಇಂಥ ವಿದ್ಯೆಯನ್ನು ಪುಸ್ತಕವೊಂದೇ ಕಲಿಸಲಾರದು. ಕೌಜಲಗಿಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಕೌಜಲಗಿ ನಿಂಗಮ್ಮನವರಿಂದ ಹೆಸರಾದ ಊರು ಅದು. ಹೆಜ್ಜೆಯನ್ನೂ ಹಾಡನ್ನೂ ಹಿರಿಯರ ಮಗ್ಗುಲಲ್ಲಿ ನಿಂತು, ತಪ್ಪಿ, ತಿದ್ದಿಸಿಕೊಂಡು ಕಲಿಯಬೇಕಲ್ಲದೆ ಓದಿ ಕಲಿಯಲಾಗದೆಂಬುದನ್ನು ಅಲ್ಲಿಯ ಕಟ್ಟೆಯ ಮೇಲೆ ಕುಳಿತ ಹಿರಿಯರೆಲ್ಲರೂ ಬಲ್ಲರು.

ಆದುದರಿಂದ ನಮ್ಮ ಅಭಿಪ್ರಾಯವಿದು: ಭೌತಚಿಕಿತ್ಸೆಯ ವಿದ್ಯಾರ್ಥಿಗಳ ತರಬೇತಿಯ ಕಾಲದಲ್ಲಿ ಒಂದು ಪಾಲನ್ನು ಕೌಜಲಗಿಯಂಥ ಊರುಗಳಲ್ಲಿ, ಹಿರಿಯರ ಮನೆಗಳಲ್ಲಿಯೇ ಕಳೆಯಿಸಬೇಕು. ಯಂತ್ರಸಾಮಗ್ರಿಯಿಲ್ಲದ ಹಳ್ಳಿಯಲ್ಲಿ ಅವರೇನು ಕಲಿತಾರೆಂದು ಕೇಳುವವರುಂಟು. ಆಸ್ಪತ್ರೆಯ ನೆಲ ಸಮತಟ್ಟು. ಮನೆಯಲ್ಲಿ ಹೊಸ್ತಿಲಿದೆ, ಕಲ್ಲಿನ ಮೆಟ್ಟಿಲಿದೆ, ಒದ್ದೆಯಾದ ಬಚ್ಚಲಿದೆ. ಹಿರಿಯರು ಬೀಳುವುದೂ ಅಲ್ಲಿ, ನಡೆಯಬೇಕಾದುದೂ ಅಲ್ಲಿ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂಬ ಸೂತ್ರದ ಅರ್ಥವು ಆ ಕಲ್ಲಿನ ಮೇಲೆಯೇ ಹೊಳೆಯಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಮೇಲ್ವಿಚಾರಣೆಯಿಲ್ಲದೆ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸಿದರೆ ಅವರು ಅಗ್ಗದ ಕೂಲಿಗಳಾದಾರು, ಹಿರಿಯರು ಪ್ರಯೋಗದ ವಸ್ತುಗಳಾದಾರು ಎಂಬುದು. ಈ ಮಾತನ್ನು ನಾವು ಒಪ್ಪುತ್ತೇವೆ. ಅದಕ್ಕೆಂದೇ ಜೊತೆಗೆ ಹೋಗುವ ಅನುಭವಿಗಳಿಗೆ ಕಲಿಸುವ ಸಮಯವನ್ನು ಕೆಲಸವೆಂದೇ ಎಣಿಸಿ ಕೊಡಬೇಕು. ಕಾಲೇಜಿನಲ್ಲಿ ನಮ್ಮ ಪ್ರಯೋಗಪಾಠದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ದಿನವಿಡೀ ರೋಗಿಗಳನ್ನು ನೋಡುತ್ತಲೇ ಕಿರಿಯರಿಗೆ ಕಲಿಸುವವರ ಗಂಟೆಯನ್ನು ಮಾತ್ರ ಬಿಡುವಿನ ವೇಳೆಯ ಉಪಕಾರವೆಂದೆಣಿಸುವುದು ನ್ಯಾಯವಲ್ಲ. ಅವಸರದಲ್ಲಿರುವ ಗುರುವು ವಿದ್ಯಾರ್ಥಿಯ ಕೈಯಿಂದ ಕೆಲಸವನ್ನು ಕಸಿದುಕೊಂಡು ತಾನೇ ಮಾಡಿ ಮುಗಿಸುತ್ತಾನೆ. ಅವಸರದಲ್ಲಿರುವ ಮಗನು ತಾಯಿಯ ರಟ್ಟೆ ಹಿಡಿದು ಎಬ್ಬಿಸುತ್ತಾನೆ. ಇಬ್ಬರ ತಪ್ಪೂ ಒಂದೇ. 2010-11ರಲ್ಲಿ ಕೇಂದ್ರ ಸರಕಾರವು ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಯಶಸ್ಸು ಕಟ್ಟಡಗಳಿಗಿಂತ ಹೆಚ್ಚಾಗಿ ಇಂಥ ಕಲಿಸುವ ಗಂಟೆಗಳನ್ನವಲಂಬಿಸಿದೆ ಎಂದು ನಾವು ಭಾವಿಸುತ್ತೇವೆ.

ವಿಜ್ಞಾನದ ಅಧ್ಯಾಪಕರಾದ ನಮಗೂ ಇದರಲ್ಲಿ ಪಾಲುಂಟು. ಸನ್ನೆಯ ನಿಯಮಕ್ಕೆ ಕತ್ತರಿ, ಅಡಕೊತ್ತುಗಳ ಉದಾಹರಣೆಗಳೊಡನೆ ಅಜ್ಜಿಯ ಊರುಗೋಲನ್ನೂ ಕೊಡೋಣ. ಆ ಪಾಠ ಕೇಳಿದ ಹುಡುಗನು ಸಂಜೆ ಮನೆಗೆ ಹೋಗಿ ಕೋಲು ಯಾವ ಕೈಯಲ್ಲಿದೆಯೆಂದು ನೋಡಿದರೆ ನಮ್ಮ ಕರಿಹಲಗೆಯ ಲೆಕ್ಕ ಸಾರ್ಥಕವಾಯಿತು.

ಕೆಲವು ತಿಂಗಳ ತರುವಾಯ ನಾವು ಮತ್ತೆ ಕೌಜಲಗಿಗೆ ಹೋದಾಗ ಆಯಿಯವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು, ಕೋಲು ಎಡಗಡೆಗಿತ್ತು. ನಮ್ಮನ್ನು ಕಂಡು ಏಳತೊಡಗಿದಾಗ ನಾವು ಅಭ್ಯಾಸಬಲದಿಂದ ಕೈ ನೀಡಿದೆವು. ಅವರು ಅದನ್ನು ಹಿಡಿಯದೆ, ಪಾದವನ್ನು ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ, ತಾವೇ ಎದ್ದು ನಿಂತು, “ಒಳಗ ಬರ್ರಿ, ಚಹಾ ಕುಡದು ಹೋಗೂಣಂತ” ಎಂದು ಮುಂದೆ ನಡೆದರು. ನಾವು ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವರನ್ನು ಹಿಂಬಾಲಿಸಿದೆವು.